ಕೋಟು ಬದಲಿಸಲು ಇಪ್ಪತ್ತು ಸೆಕೆಂಡು: ಆಸ್ಟ್ರೇಲಿಯಾದ ಆರಂಭಿಕ ಟಿವಿ ನಾಟಕದ ನೇಪಥ್ಯ

ಪ್ರಶ್ನೆ: ನಮ್ಮದು ಹವ್ಯಾಸಿ ನಾಟಕ ತಂಡ. 1950ರ ದಶಕದ ಕೊನೆಯ ಆಸ್ಟ್ರೇಲಿಯಾದ ಟಿವಿ ನಾಟಕವೊಂದರ ಕಪ್ಪು-ಬಿಳುಪು ತುಣುಕು ನೋಡಿದೆ. ನೇರ ಪ್ರಸಾರವಾದದ್ದು ಎಂದು ಬರೆದಿತ್ತು. ಕೋಣೆಯಲ್ಲಿ ಕೋಟು ತೊಟ್ಟು ನಿಂತಿದ್ದವನು ಸ್ವಲ್ಪ ಹೊತ್ತಿಗೆ ಬೇರೆ ಬಟ್ಟೆಯಲ್ಲಿ ಸಮುದ್ರದ ದಂಡೆಯ ಮೇಲಿದ್ದಾನೆ, ಮತ್ತೆ ನೋಡಿದರೆ ಒಳಗಿದ್ದಾನೆ. ನೇರ ಪ್ರಸಾರವಾದರೆ ಇದು ಹೇಗೆ ಸಾಧ್ಯ? ತೆರೆಯ ಹಿಂದೆ ಯಾರು ಯಾರು ಏನೇನು ಮಾಡುತ್ತಿದ್ದರು? ಒಂದು ತುಣುಕು ನೇರದ್ದೋ ಟೇಪಿನದ್ದೋ ಎಂದು ನೋಡಿಯೇ ಹೇಳಬಹುದೇ?

ಉತ್ತರ: ಪ್ರಸಾರದ ರಾತ್ರಿ ಆತ ಸ್ಟುಡಿಯೋ ಬಿಟ್ಟು ಕದಲಿಲ್ಲ. ದಂಡೆಯ ದೃಶ್ಯವನ್ನು ಕೆಲವು ದಿನ ಮೊದಲೇ ಫಿಲ್ಮ್ ಕ್ಯಾಮರಾದಲ್ಲಿ ಚಿತ್ರಿಸಿಟ್ಟಿರುತ್ತಾರೆ. ನಾಟಕ ನೇರವಾಗಿ ನಡೆಯುತ್ತಿರುವಾಗ, ಗೊತ್ತುಪಡಿಸಿದ ಮಾತು ಬಂದೊಡನೆ ಆ ಫಿಲ್ಮನ್ನು ಟೆಲಿಸಿನಿ ಯಂತ್ರದಲ್ಲಿ, ಅಂದರೆ ಫಿಲ್ಮನ್ನು ಟಿವಿ ಚಿತ್ರವಾಗಿ ಬದಲಿಸುವ ಯಂತ್ರದಲ್ಲಿ, ಓಡಿಸುತ್ತಾರೆ. ಮನೆಯಲ್ಲಿ ಕೂತವರು ಅಲೆ ನೋಡುತ್ತಿರುವಾಗ ನಟ ಸೆಟ್ಟಿನ ಹಿಂದೆ ಓಡುತ್ತಿರುತ್ತಾನೆ, ಒಬ್ಬರು ಅವನ ಕೋಟು ಕಳಚುತ್ತಿರುತ್ತಾರೆ, ಇನ್ನೊಬ್ಬರು ಹಣೆಯ ಬೆವರು ಒತ್ತುತ್ತಿರುತ್ತಾರೆ. ದಂಡೆಯ ದೃಶ್ಯ ಕಥೆಗೆ ಬೇಕಿತ್ತೋ, ಬಟ್ಟೆ ಬದಲಿಸಲು ಬೇಕಿತ್ತೋ ಎಂದು ಕೇಳಿದರೆ, ಹಲವು ಸಲ ಎರಡನೆಯದೇ ನಿಜ. ಆ ಕಾಲದ ನಾಟಕಗಳನ್ನು ನೋಡುವಾಗ ಇದೊಂದು ನೆನಪಿರಲಿ: ನಿರ್ದೇಶಕನ ಶೈಲಿ ಎಂದು ನಾವು ಈಗ ಮೆಚ್ಚುವ ಎಷ್ಟೋ ಸಂಗತಿಗಳನ್ನು ತೀರ್ಮಾನಿಸಿದ್ದು ಕೇಬಲ್ಲು, ಲೆನ್ಸು ಮತ್ತು ಗಡಿಯಾರ.

ಮೊದಲು ಹಿನ್ನೆಲೆ, ಚುಟುಕಾಗಿ. ಆಸ್ಟ್ರೇಲಿಯಾದಲ್ಲಿ ನಿಯಮಿತ ಟಿವಿ ಶುರುವಾದದ್ದು 1956ರ ಸೆಪ್ಟೆಂಬರ್ 16ರಂದು, ಸಿಡ್ನಿಯ ಟಿಸಿಎನ್-9 ವಾಹಿನಿಯಿಂದ. ಮೆಲ್ಬರ್ನ್ ಒಲಿಂಪಿಕ್ಸ್ ಹೊತ್ತಿಗೆ ಸಿದ್ಧವಾಗಬೇಕೆಂಬ ಧಾವಂತ ಎಲ್ಲರಿಗೂ ಇತ್ತು. ಸರ್ಕಾರಿ ಪ್ರಸಾರ ಸಂಸ್ಥೆ ಎಬಿಸಿಯ ಸಿಡ್ನಿ ಕೇಂದ್ರ ಎಬಿಎನ್-2 ನವೆಂಬರ್ 5ರಂದು ಆರಂಭವಾಯಿತು. ಉದ್ಘಾಟನೆಯ ರಾತ್ರಿಯೇ ಜೆ.ಎಂ. ಬ್ಯಾರಿಯ ಏಕಾಂಕ 'ದಿ ಟ್ವೆಲ್ವ್ ಪೌಂಡ್ ಲುಕ್' ನೇರ ಪ್ರಸಾರವಾಯಿತು. ಮುಂದೆ ಎಬಿಸಿಯ ನಾಟಕಗಳು ಸಿಡ್ನಿಯ ಗೋರ್ ಹಿಲ್ ಮತ್ತು ಮೆಲ್ಬರ್ನಿನ ರಿಪ್ಪನ್‌ಲೀ ಸ್ಟುಡಿಯೋಗಳಿಂದ ಬಂದವು. ನಟರಿಗೆ ಬರವಿರಲಿಲ್ಲ. ರೇಡಿಯೋ ನಾಟಕ ಅಲ್ಲಿ ದೊಡ್ಡ ಉದ್ಯಮವಾಗಿತ್ತು, ದಿನಕ್ಕೆರಡು ಧಾರಾವಾಹಿಗೆ ದನಿ ಕೊಡುವವರಿದ್ದರು. ಆದರೆ ಅವರಿಗೆ ಹಾಳೆ ಹಿಡಿದು ಓದುವುದು ರೂಢಿ. ಒಂದು ಗಂಟೆಯ ನಾಟಕ ಬಾಯಿಪಾಠ ಮಾಡಿ, ಗುರುತು ಹಾಕಿದ ಜಾಗದಲ್ಲೇ ನಿಂತು, ಕ್ಯಾಮರಾ ಬಂದು ಮುಟ್ಟುವವರೆಗೆ ಒಂದು ಉಸಿರು ತಡೆದು ಮಾತಾಡುವುದು ಬೇರೆಯದೇ ವಿದ್ಯೆ.

ಈಗ ನೇಪಥ್ಯಕ್ಕೆ ಬರೋಣ.

ಒಂದು ಗಂಟೆಯ ನಾಟಕಕ್ಕೆ ಸಾಮಾನ್ಯವಾಗಿ ಎರಡರಿಂದ ಮೂರು ವಾರ ತಾಲೀಮು, ಅದೂ ಸ್ಟುಡಿಯೋದಲ್ಲಲ್ಲ, ಬಾಡಿಗೆಗೆ ಸಿಕ್ಕ ಯಾವುದೋ ಹಾಲಿನಲ್ಲಿ. ನೆಲದ ಮೇಲೆ ಬಣ್ಣದ ಟೇಪ್ ಅಂಟಿಸಿ ಇದು ಗೋಡೆ, ಇದು ಬಾಗಿಲು, ಇದು ಮೆಟ್ಟಿಲು ಎಂದು ಗುರುತಿಸುತ್ತಾರೆ. ಒಂದೊಂದು ಸೆಟ್ಟಿಗೆ ಒಂದೊಂದು ಬಣ್ಣ, ಏಕೆಂದರೆ ಹಾಲ್ ಚಿಕ್ಕದು, ಒಂದರ ಮೇಲೊಂದು ಸೆಟ್ ಗುರುತಿಸಬೇಕಾಗುತ್ತದೆ. ಸ್ಟುಡಿಯೋ ಸಿಗುವುದು ಕೊನೆಯ ಒಂದೆರಡು ದಿನ ಮಾತ್ರ. ಮೊದಲು ಕ್ಯಾಮರಾಗಳೊಂದಿಗೆ ನಿಲ್ಲಿಸಿ ನಿಲ್ಲಿಸಿ ಒಂದು ಓಟ, ನಂತರ ಉಡುಪು ತೊಟ್ಟು ನಿಲ್ಲಿಸದೆ ಒಂದು ಓಟ, ಅದಾದ ಮೇಲೆ ಊಟ, ಆಮೇಲೆ ಪ್ರಸಾರ. ಎಬಿಸಿಯಲ್ಲಿ ನಾವೀಗ ನಿರ್ದೇಶಕ ಎನ್ನುವವರನ್ನು ಪ್ರೊಡ್ಯೂಸರ್ ಎನ್ನುತ್ತಿದ್ದರು. ಅವರು ಸ್ಟುಡಿಯೋ ನೆಲದ ಮೇಲೆ ಇರುತ್ತಿರಲಿಲ್ಲ. ಪ್ರಸಾರದ ಹೊತ್ತಿನಲ್ಲಿ ಅವರು ಕಂಟ್ರೋಲ್ ರೂಮಿನ ಮಾನಿಟರುಗಳ ಮುಂದೆ. ಅವರ ಪಕ್ಕದಲ್ಲಿ ಒಂದು ಕ್ಯಾಮರಾದಿಂದ ಇನ್ನೊಂದಕ್ಕೆ ಗುಂಡಿ ಒತ್ತಿ ಬದಲಿಸುವ ವಿಷನ್ ಮಿಕ್ಸರ್. ಇನ್ನೊಂದು ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದು ಮುಂದಿನ ಶಾಟಿನ ಸಂಖ್ಯೆ ಕೂಗುವ ಸ್ಕ್ರಿಪ್ಟ್ ಸಹಾಯಕಿ. ಧ್ವನಿಯವರು ಬೇರೆ ಗಾಜಿನ ಕೋಣೆಯಲ್ಲಿ, ಅವರ ಬಳಿ ಬಾಗಿಲ ಸದ್ದು, ಮಳೆ, ಸಂಗೀತದ ತಟ್ಟೆಗಳನ್ನು ಹಾಕುವವರೊಬ್ಬರು. ಕೆಳಗೆ ನೆಲದ ಮೇಲೆ ಪ್ರೊಡ್ಯೂಸರ್‌ನ ದನಿಯನ್ನು ಹೆಡ್‌ಫೋನಿನಲ್ಲಿ ಕೇಳಿ ನಟರಿಗೆ ಕೈಸನ್ನೆ ಮಾಡುವವನು ಫ್ಲೋರ್ ಮ್ಯಾನೇಜರ್. ನಟರಿಗೆ ಆ ಹೊತ್ತಿನಲ್ಲಿ ದೇವರೂ ಅವನೇ. ಮೂರು ಅಥವಾ ನಾಲ್ಕು ಕ್ಯಾಮರಾಗಳವರು, ಪ್ರತಿ ಕ್ಯಾಮರಾಕ್ಕೂ ಕೇಬಲ್ ಎಳೆಯುವ ಒಬ್ಬ, ಉದ್ದ ತೋಳಿನ ತುದಿಗೆ ತೂಗುವ ಬೂಮ್ ಮೈಕಿನವರು ಇಬ್ಬರು, ದೀಪದವರು, ಸೆಟ್ ಮತ್ತು ಸಾಮಾನಿನವರು, ಉಡುಪಿನವರು, ಮೇಕಪ್ಪಿನವರು, ಕ್ಯಾಮರಾಗಳ ಚಿತ್ರವನ್ನು ದೂರದಿಂದ ಸರಿಪಡಿಸುವ ಎಂಜಿನಿಯರುಗಳು, ಟೆಲಿಸಿನಿಯವರು. ಆರು ಪಾತ್ರದ ನಾಟಕಕ್ಕೂ ಹಿಂದೆ ಇಪ್ಪತ್ತೈದು ಮೂವತ್ತು ಜನ ಬೇಕೇಬೇಕು. ಎಲ್ಲರ ಕಾಲಿಗೂ ರಬ್ಬರ್ ಅಟ್ಟೆಯ ಬೂಟು.

ಕೇಬಲ್ಲಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಾಟಕದ ನಕ್ಷೆ ಹುಟ್ಟುವುದೇ ಅಲ್ಲಿಂದ. ಆ ಕ್ಯಾಮರಾಗಳ ಕೇಬಲ್ ಹೆಬ್ಬೆರಳಿಗಿಂತ ದಪ್ಪ, ಒಳಗೆ ಹತ್ತಾರು ತಂತಿ. ಮಡಚಿದರೆ ಒಳಗಿನ ಎಳೆ ತುಂಡಾಗುತ್ತದೆ, ಎಳೆದರೆ ಸದ್ದು ಮಾಡುತ್ತದೆ. ಒಂದನೇ ಕ್ಯಾಮರಾ ಎಡ ಗೋಡೆಯ ಸಾಕೆಟ್ಟಿನಿಂದ, ಮೂರನೆಯದು ಬಲ ಗೋಡೆಯಿಂದ ಹೊರಟಿದೆ ಎಂದುಕೊಳ್ಳಿ. ಒಂದನೆಯದು ಮೂರನೆಯದರ ಹಿಂದೆ ಹಾಯ್ದು ಬಲಕ್ಕೆ ಬಂದರೆ ಅದರ ಕೇಬಲ್ ಮೂರನೆಯದನ್ನು ಬಳಸಿಕೊಳ್ಳುತ್ತದೆ. ಆ ಗಂಟು ಪ್ರಸಾರ ಮುಗಿಯುವವರೆಗೆ ಬಿಚ್ಚುವುದಿಲ್ಲ. ಹಾಗಾಗಿ ಸೆಟ್ಟುಗಳನ್ನು ಗೋಡೆಯ ಉದ್ದಕ್ಕೆ ಜೋಡಿಸಿ, ಕ್ಯಾಮರಾಗಳು ನಡುವಿನ ಖಾಲಿ ಜಾಗದಲ್ಲಿ ಒಂದನ್ನೊಂದು ದಾಟದೆ ತಿರುಗುವಂತೆ ನೋಡಿಕೊಳ್ಳುತ್ತಾರೆ. ದೃಶ್ಯಗಳ ಕ್ರಮ ಮತ್ತು ಸೆಟ್ಟುಗಳ ಕ್ರಮ ಹೊಂದದಿದ್ದರೆ ನಾಟಕಕಾರನಿಗೆ ಹೇಳಿ ದೃಶ್ಯದ ಕ್ರಮವನ್ನೇ ಬದಲಿಸಿದರೂ ಸರಿ, ಕೇಬಲ್ ದಾಟಿಸುವಂತಿಲ್ಲ. ತೊಂದರೆಯ ಬೀಜ ಬೀಳುತ್ತಿದ್ದದ್ದು ಬಹುಪಾಲು ತಾಲೀಮಿನ ಹಾಲಿನಲ್ಲೇ. ಅಲ್ಲಿ ಕೇಬಲ್ ಇರುವುದಿಲ್ಲ, ಕ್ಯಾಮರಾ ಇರುವುದಿಲ್ಲ, ಎಲ್ಲವೂ ಹೂವೆತ್ತಿದ ಹಾಗೆ ಸಾಗುತ್ತದೆ. ಕಾಗದದ ಮೇಲೆ ಅಳತೆಗೆ ತಕ್ಕ ನಕ್ಷೆ ಬಿಡಿಸಿ, ಪ್ರತಿ ಕ್ಯಾಮರಾಕ್ಕೂ ಒಂದೊಂದು ಬಣ್ಣದ ದಾರ ಎಳೆದು ನೋಡಿದವರು ಮಾತ್ರ ಬಚಾವು.

ಇನ್ನು ಲೆನ್ಸ್. ಜೂಮ್ ಲೆನ್ಸ್ ನಾಟಕಕ್ಕೆ ಬಂದದ್ದು ತಡವಾಗಿ. ಮೊದಲು ಕ್ಯಾಮರಾದ ಮುಂದೆ ತಿರುಗುವ ತಟ್ಟೆ, ಅದರಲ್ಲಿ ನಾಲ್ಕು ಲೆನ್ಸು. ಕ್ಯಾಮರಾದೊಳಗೆ ಚಿತ್ರ ಹಿಡಿಯುವ 3 ಇಂಚಿನ ಇಮೇಜ್ ಆರ್ಥಿಕಾನ್ ಟ್ಯೂಬಿನ ಮೇಲೆ ಬೀಳುವ ಚಿತ್ರದ ಅಗಲ ಸುಮಾರು 32 ಮಿಲಿಮೀಟರ್. ಇದೊಂದು ಅಂಕಿ ಗೊತ್ತಿದ್ದರೆ ಎಲ್ಲ ಲೆಕ್ಕ ಹಾಕಬಹುದು. 50 ಮಿಲಿಮೀಟರ್ ಲೆನ್ಸಿಗೆ ಸುಮಾರು 35 ಡಿಗ್ರಿ ನೋಟ, 90ಕ್ಕೆ 20, 135ಕ್ಕೆ 13 ಡಿಗ್ರಿ. ಮುಖ ಮತ್ತು ಭುಜ ಮಾತ್ರ ಕಾಣುವ ಶಾಟ್, ಅಂದರೆ 60 ಸೆಂಟಿಮೀಟರ್ ಅಗಲದ ಚೌಕಟ್ಟು ಬೇಕಾದರೆ, 50ರ ಲೆನ್ಸಿನಲ್ಲಿ ನಟನಿಂದ ಒಂದು ಮೀಟರಿಗೂ ಕಡಿಮೆ ದೂರಕ್ಕೆ ಹೋಗಬೇಕು. ಆಗ ಕ್ಯಾಮರಾದ ನೆರಳು ಅವನ ಮುಖದ ಮೇಲೇ ಬೀಳುತ್ತದೆ, ಉಳಿದ ಕ್ಯಾಮರಾಗಳಲ್ಲಿ ಈ ಕ್ಯಾಮರಾವೇ ಕಾಣುತ್ತದೆ. 90ರಲ್ಲಿ 1.7 ಮೀಟರ್, 135ರಲ್ಲಿ ಎರಡೂವರೆ ಮೀಟರ್ ದೂರ ನಿಂತರೆ ಸಾಕು. ಆದರೆ 135 ಹಾಕಿಕೊಂಡು ಕ್ಯಾಮರಾ ಓಡಿಸಲಾಗದು, ನೆಲದ ಒಂದು ಉಬ್ಬಿಗೆ ಇಡೀ ಚಿತ್ರ ಕುಣಿಯುತ್ತದೆ. ಹಾಗಾಗಿ ಚಲಿಸುವ ಶಾಟಿಗೆ 50, ಮಾತಿಗೆ 90, ಮೌನಕ್ಕೆ 135 ಎಂಬುದು ಹೆಚ್ಚುಕಡಿಮೆ ರೂಢಿಯ ಮಾತು.

ತಟ್ಟೆ ತಿರುಗಿಸಿ ಹೊಸ ಲೆನ್ಸ್ ತಂದು ಫೋಕಸ್ ಕೂಡಿಸಲು ಪಳಗಿದ ಕೈಗೂ ಎರಡು ಮೂರು ಸೆಕೆಂಡು ಬೇಕು. ಪ್ರಸಾರದಲ್ಲಿರುವ ಕ್ಯಾಮರಾದಲ್ಲಿ ಅದನ್ನು ಮಾಡಿದರೆ ವೀಕ್ಷಕರಿಗೆ ಲೋಕವೇ ಗರ್ರನೆ ತಿರುಗಿದಂತೆ ಕಾಣುತ್ತದೆ. ಆದ್ದರಿಂದ ಪ್ರತಿ ಕಟ್ ಕೂಡ ಬೇರೊಂದು ಕ್ಯಾಮರಾಕ್ಕೇ ಹೋಗಬೇಕು, ಬಿಟ್ಟ ಕ್ಯಾಮರಾಕ್ಕೆ ಲೆನ್ಸ್ ಬದಲಿಸುವಷ್ಟು ಬಿಡುವೂ ಸಿಗಬೇಕು. ಹಳೆಯ ನಾಟಕಗಳಲ್ಲಿ ಮಾತಾಡುವವನನ್ನು ಬಿಟ್ಟು ಕೇಳುವವನ ಮುಖವನ್ನು ಐದು ಸೆಕೆಂಡು ಹಿಡಿಯುವುದನ್ನು ಕಂಡು ಎಂಥ ಸೂಕ್ಷ್ಮ ನಿರ್ದೇಶನ ಎನ್ನುವವರಿದ್ದಾರೆ. ಇರಲೂಬಹುದು. ಬಹಳ ಸಲ ಒಂದನೇ ಕ್ಯಾಮರಾ ಲೆನ್ಸ್ ಬದಲಿಸುತ್ತಿರುತ್ತದೆ, ಅಷ್ಟೆ.

ಇದೆಲ್ಲ ಕಾಗದದ ಮೇಲೆ ಹೇಗಿರುತ್ತದೆ? ಕ್ಯಾಮರಾ ಸ್ಕ್ರಿಪ್ಟಿನ ಬಲಭಾಗದಲ್ಲಿ ಸಂಭಾಷಣೆ, ಎಡಭಾಗದಲ್ಲಿ ಶಾಟ್ ಸಂಖ್ಯೆ, ಕ್ಯಾಮರಾ ಸಂಖ್ಯೆ, ಲೆನ್ಸು, ಚೌಕಟ್ಟು. ಗಂಟೆಯ ನಾಟಕದಲ್ಲಿ ಇಂಥ ಇನ್ನೂರಕ್ಕೂ ಹೆಚ್ಚು ಶಾಟುಗಳು. ಪ್ರತಿ ಕ್ಯಾಮರಾದವನಿಗೆ ಅವನ ಶಾಟುಗಳನ್ನಷ್ಟೇ ಬರೆದ ಕಾರ್ಡು, ಅದನ್ನು ಕ್ಯಾಮರಾದ ಪಕ್ಕಕ್ಕೆ ಸಿಕ್ಕಿಸಿಕೊಳ್ಳುತ್ತಾನೆ. ಒಂದು ಮಾದರಿ ತೋರಿಸುತ್ತೇನೆ. ಗಂಡ ಜಗಳವಾಡಿ ಮನೆ ಬಿಟ್ಟು ಹೊರಡುತ್ತಾನೆ, ಮುಂದಿನ ದೃಶ್ಯದಲ್ಲಿ ಮಳೆಯಲ್ಲಿ ನೆನೆದು ಪೊಲೀಸ್ ಠಾಣೆಗೆ ಬರುತ್ತಾನೆ.

ಶಾಟ್ 86. ಒಂದನೇ ಕ್ಯಾಮರಾ, 50ರ ಲೆನ್ಸ್. ಇಡೀ ಕೋಣೆ, ಗಂಡ ಹ್ಯಾಟು ತೆಗೆದುಕೊಂಡು ಬಾಗಿಲು ದಾಟುತ್ತಾನೆ.

ಶಾಟ್ 87. ಎರಡನೇ ಕ್ಯಾಮರಾ, 135. ಹೆಂಡತಿಯ ಮುಖ, ಬಾಗಿಲು ಬಡಿದ ಸದ್ದು. 4 ಸೆಕೆಂಡು. ಕಟ್ ಆದ ಕ್ಷಣವೇ ಒಂದನೇ ಕ್ಯಾಮರಾ ಠಾಣೆಯ ಸೆಟ್ಟಿಗೆ ಹೊರಡುತ್ತದೆ, ಹೋಗುವ ದಾರಿಯಲ್ಲೇ 90ಕ್ಕೆ ತಿರುಗುತ್ತದೆ.

ಶಾಟ್ 88. ಮೂರನೇ ಕ್ಯಾಮರಾ, 90. ಮೇಜಿನ ಮೇಲಿನ ಪತ್ರ, ಅವಳ ಕೈ, ಅವಳು ಓದುತ್ತಾಳೆ. 14 ಸೆಕೆಂಡು.

ಶಾಟ್ 89. ಒಂದನೇ ಕ್ಯಾಮರಾ, ಠಾಣೆ. ದಾಖಲೆ ಪುಸ್ತಕದಲ್ಲಿ ಬರೆಯುತ್ತಿರುವ ಲೇಖನಿ. 5 ಸೆಕೆಂಡು. ಕ್ಯಾಮರಾ ಮೇಲೆದ್ದಾಗ ಎದುರಿಗೆ ಗಂಡ, ಒದ್ದೆಯಾದ ರೇನ್‌ಕೋಟಿನಲ್ಲಿ.

ಕೂಡಿಸಿ ನೋಡಿ, ಗಂಡನಿಗೆ ಸಿಕ್ಕಿದ್ದು 23 ಸೆಕೆಂಡು. ಬಾಗಿಲ ಹಿಂದೆ ಉಡುಪಿನವರು ರೇನ್‌ಕೋಟನ್ನು ಎರಡೂ ತೋಳು ತೆರೆದು ಹಿಡಿದು ನಿಂತಿರುತ್ತಾರೆ. ಗುಂಡಿಗಳನ್ನು ಕಿತ್ತು ಅವುಗಳ ಹಿಂದೆ ಟಿಚ್ ಬಟನ್ ಹೊಲಿದಿರುತ್ತಾರೆ. ಕೋಟು ಬದಲಿಸಿ, ಸ್ಪ್ರೇ ಬಾಟಲಿಯಿಂದ ತಲೆಗೂ ಭುಜಕ್ಕೂ ನೀರು ಚಿಮುಕಿಸಲು ಹತ್ತು ಸೆಕೆಂಡು. ಸೆಟ್ಟಿನ ಹಿಂದಿನ ಓಣಿಯಲ್ಲಿ, ಗೋಡೆಗೆ ಆನಿಸಿದ ಊರುಗೋಲುಗಳಿಗೆ ಎಡವದೆ, ಬೂಟಿನ ಸದ್ದಾಗದಂತೆ ಹತ್ತು ಹನ್ನೆರಡು ಮೀಟರ್ ನಡೆಯಲು ಎಂಟು ಸೆಕೆಂಡು. ಉಸಿರು ಸರಿಪಡಿಸಿಕೊಳ್ಳಲು ಉಳಿದದ್ದು ಐದು. ಹೆಂಡತಿ ಪಾತ್ರದವಳು ಆ ರಾತ್ರಿ ಅವಸರದಲ್ಲಿ ಪತ್ರವನ್ನು 9 ಸೆಕೆಂಡಿಗೆ ಓದಿ ಮುಗಿಸಿದಳೆಂದರೆ ಲೆಕ್ಕ ಅಲ್ಲೇ ಮುರಿಯಿತು. ಅದಕ್ಕಾಗಿಯೇ ಲೇಖನಿಯ ಶಾಟ್ ಇರುವುದು. ಪೊಲೀಸ್ ಪಾತ್ರದವನಿಗೆ ಮೊದಲೇ ಹೇಳಿರುತ್ತಾರೆ: ಫ್ಲೋರ್ ಮ್ಯಾನೇಜರ್ ಕೈ ಇಳಿಸುವವರೆಗೂ ಬರೆಯುತ್ತಲೇ ಇರು, ಪುಟ ತುಂಬಿದರೆ ಮಗುಚು.

ಇಂಥ ಶಾಟುಗಳು ನಮ್ಮ ಕಂಪನಿ ನಾಟಕದ ಬೀದಿ ಪರದೆಯ ಹಾಗೆ. ಮುಂದೆ ಹಾಸ್ಯದ ಜೋಡಿ ಬಂದು ಜನರನ್ನು ನಗಿಸುತ್ತಿದ್ದರೆ ಹಿಂದೆ ಅರಮನೆ ಕಿತ್ತು ಕಾಡು ನಿಲ್ಲಿಸುತ್ತಿದ್ದರಲ್ಲ, ಅದೇ ಕೆಲಸ. ವ್ಯತ್ಯಾಸವೆಂದರೆ ಇಲ್ಲಿ ಪರದೆಯ ಕೆಲಸ ಮಾಡುವುದು ಒಂದು ಬೂದಿಬಟ್ಟಲು, ಒಂದು ಗಡಿಯಾರ, ಒಂದು ಫೋನು. ಖಾಸಗಿ ವಾಹಿನಿಗಳಿಗೆ ಇನ್ನೊಂದು ಅನುಕೂಲವಿತ್ತು: ಜಾಹೀರಾತು. 1959ರಲ್ಲಿ ಶುರುವಾದ 'ಶೆಲ್ ಪ್ರೆಸೆಂಟ್ಸ್' ಮಾಲೆಯಂಥ ಪ್ರಾಯೋಜಿತ ನಾಟಕಗಳಲ್ಲಿ ಅಂಕದ ಮಧ್ಯದ ವಿರಾಮದಲ್ಲಿ ಕ್ಯಾಮರಾ, ಬೂಮ್, ನಟ ಎಲ್ಲರೂ ಜಾಗ ಬದಲಿಸಬಹುದಿತ್ತು. ಜಾಹೀರಾತಿಲ್ಲದ ಎಬಿಸಿಗೆ ಆ ಉಸಿರು ಸಿಗುತ್ತಿರಲಿಲ್ಲ, ಅದಕ್ಕೇ ಅವರ ನಾಟಕಗಳಲ್ಲಿ ಫಿಲ್ಮ್ ತುಣುಕುಗಳ ಅಗತ್ಯ ಹೆಚ್ಚು.

ಫಿಲ್ಮ್ ತುಣುಕಿನ ಲೆಕ್ಕ ಹೀಗೆ. ಆಗಿನ ಆಸ್ಟ್ರೇಲಿಯಾದ ಟಿವಿ 625 ಗೆರೆ, ಸೆಕೆಂಡಿಗೆ 25 ಚಿತ್ರ. ಹಾಗಾಗಿ ಫಿಲ್ಮನ್ನೂ ಸಿನಿಮಾದ 24ರಲ್ಲಲ್ಲ, 25ರಲ್ಲಿ ಚಿತ್ರಿಸುತ್ತಿದ್ದರು. 16 ಮಿಲಿಮೀಟರ್ ಫಿಲ್ಮಿನ ಒಂದು ಅಡಿಗೆ 40 ಚಿತ್ರ. 30 ಸೆಕೆಂಡಿನ ದಂಡೆಗೆ ಸುಮಾರು 19 ಅಡಿ ಫಿಲ್ಮ್. ಟೆಲಿಸಿನಿ ಗುಂಡಿ ಒತ್ತಿದ ತಕ್ಷಣ ಚಿತ್ರ ಬರುವುದಿಲ್ಲ, ಯಂತ್ರ ವೇಗ ಹಿಡಿದು ಚಿತ್ರ, ಧ್ವನಿ ಎರಡೂ ನಿಲ್ಲಲು ಕೆಲವು ಸೆಕೆಂಡು ಬೇಕು. ಅದಕ್ಕೆ ಫಿಲ್ಮಿನ ಮುಂದೆ ಅಂಕಿ ಬರೆದ ಪಟ್ಟಿ ಅಂಟಿಸಿ, ಸಂಭಾಷಣೆಯಲ್ಲಿ ಅಷ್ಟೇ ಸೆಕೆಂಡು ಹಿಂದಿನ ಒಂದು ಪದಕ್ಕೆ ಗೆರೆ ಎಳೆದು 'ಟೆಲಿಸಿನಿ ಓಡಿಸು' ಎಂದು ಬರೆದಿರುತ್ತಾರೆ. ಆ ಪದ ಕೇಳಿ ಯಂತ್ರ ಹೊರಟ ಮೇಲೆ ನಟ ಎರಡು ಸಾಲು ನುಂಗಿದರೆ ಪರದೆಯ ಮೇಲೆ ಅಂಕಿಗಳು ಮೂಡುತ್ತವೆ, ಇಲ್ಲವೇ ನಟರು ಮಾತು ಮುಗಿಸಿ ಒಬ್ಬರನ್ನೊಬ್ಬರು ನೋಡುತ್ತ ನಿಲ್ಲಬೇಕು. ಹೊಸದಾಗಿ ಏನೋ ಮಾತು ಸೇರಿಸಿದರೆ ಫಿಲ್ಮಿನ ಆರಂಭ ಹಾರಿಹೋಗುತ್ತದೆ. ಆದ್ದರಿಂದ ಗುರುತಿನ ಪದದಿಂದ ಫಿಲ್ಮಿನವರೆಗಿನ ಸಾಲುಗಳನ್ನು ತಾಲೀಮಿನಲ್ಲಿ ಮಂತ್ರದಂತೆ ಗಟ್ಟಿ ಮಾಡಿಸುತ್ತಿದ್ದರು. ಬೇರೆಲ್ಲಿ ತಪ್ಪಿದರೂ ಸರಿ, ಅಲ್ಲಿ ತಪ್ಪುವಂತಿಲ್ಲ. ಇನ್ನೊಂದು ತೊಡಕು: ಫಿಲ್ಮ್ ಚಿತ್ರಣ ಮೊದಲೇ ಮುಗಿಯುವುದರಿಂದ ಉಡುಪು, ಕೂದಲು, ಮೀಸೆ ಎಲ್ಲ ತಾಲೀಮು ಮಾಗುವ ಮೊದಲೇ ನಿಶ್ಚಯವಾಗಿರಬೇಕು. ಆಮೇಲೆ ಪ್ರೊಡ್ಯೂಸರ್ ಮನಸ್ಸು ಬದಲಿಸಿದರೆ ದಂಡೆಯ ಮೇಲೆ ಮೀಸೆ ಇದ್ದವನಿಗೆ ಕೋಣೆಯಲ್ಲಿ ಮೀಸೆ ಇರುವುದಿಲ್ಲ.

ಮಾತು ಮರೆತರೆ? ಬಿಬಿಸಿಯಲ್ಲಿ ಇದಕ್ಕೊಂದು ಉಪಾಯವಿತ್ತು. ಸೆಟ್ಟಿನ ಅಂಚಿನಲ್ಲಿ ಸ್ಕ್ರಿಪ್ಟ್ ಹಿಡಿದು ನಿಂತವರ ಕೈಯಲ್ಲಿ ಒಂದು ಸ್ವಿಚ್. ಅದನ್ನು ಒತ್ತಿದರೆ ಪ್ರಸಾರಕ್ಕೆ ಹೋಗುವ ಧ್ವನಿ ಕಡಿಯುತ್ತದೆ, ಅಷ್ಟರಲ್ಲಿ ಮರೆತ ಸಾಲನ್ನು ಕೂಗಿ ಹೇಳಿ ಸ್ವಿಚ್ ಬಿಡುತ್ತಾರೆ. ಮನೆಯಲ್ಲಿ ಕೂತವರು ತಮ್ಮ ಸೆಟ್ ಕೆಟ್ಟಿತೆಂದುಕೊಂಡು ಎದ್ದು ಒಂದು ಏಟು ಕೊಡುವಷ್ಟರಲ್ಲಿ ನಾಟಕ ಮುಂದುವರಿದಿರುತ್ತದೆ.

ಇಮೇಜ್ ಆರ್ಥಿಕಾನ್ ಟ್ಯೂಬಿನ ಸ್ವಭಾವ ಹೇಳದಿದ್ದರೆ ಬಣ್ಣ, ಬಟ್ಟೆ, ಮೇಕಪ್ಪಿನ ಕಥೆ ಅರ್ಥವಾಗುವುದಿಲ್ಲ. ತೀರ ಹೊಳೆಯುವ ಬಿಂದು ಕಂಡರೆ ಈ ಟ್ಯೂಬು ಅದರ ಸುತ್ತ ಕಪ್ಪು ವಲಯ ಬರೆಯುತ್ತದೆ. ಹಿತ್ತಾಳೆ ಗುಂಡಿ, ಬ್ರೋಚ್, ಗಾಜಿನ ಲೋಟ, ಬಕ್ಕ ತಲೆ, ಎಲ್ಲಕ್ಕೂ ಕಪ್ಪು ಪ್ರಭಾವಳಿ. 1960ರಲ್ಲಿ ಎಬಿಸಿ 'ಸ್ಟಾರ್ಮಿ ಪೆಟ್ರೆಲ್' ಎಂಬ ಹನ್ನೆರಡು ಕಂತಿನ ಧಾರಾವಾಹಿಯನ್ನು ನೇರವಾಗಿ ಮಾಡಿತು, ನ್ಯೂ ಸೌತ್ ವೇಲ್ಸಿನ ಗವರ್ನರ್ ವಿಲಿಯಂ ಬ್ಲೈನ ಕಥೆ. ಅಂಥ ಸೈನಿಕ ಉಡುಪಿನ ಚರಿತ್ರೆ ನಾಟಕದಲ್ಲಿ ಗುಂಡಿಗಳಿಗೂ ಭುಜದ ಜರಿಗೂ ಮಂಕು ಬಳಿಯುವುದೇ ಒಬ್ಬರ ಅರ್ಧ ದಿನದ ಕೆಲಸ. ಮೇಣದ ಸ್ಪ್ರೇ, ಅದಿಲ್ಲದಿದ್ದರೆ ಸಾಬೂನು ಉಜ್ಜುವುದು. ಬಿಳಿ ಅಂಗಿ ನಿಷಿದ್ಧ. ಬೂದು ಅಥವಾ ತಿಳಿ ಬಣ್ಣದಲ್ಲಿ ಅದ್ದಿದ ಅಂಗಿಯೇ ಪರದೆಯ ಮೇಲೆ ಬಿಳಿಯಾಗಿ ಕಾಣುತ್ತದೆ. ಮೇಜಿನ ಮೇಲಿನ ಪತ್ರವೂ ಬಿಳಿ ಕಾಗದವಲ್ಲ. ಗೋಡೆಗಳನ್ನು ಮುಖಕ್ಕಿಂತ ಒಂದೆರಡು ಛಾಯೆ ಗಾಢವಾಗಿ ಬಳಿಯಬೇಕು, ಇಲ್ಲದಿದ್ದರೆ ಮುಖ ಗೋಡೆಯಲ್ಲಿ ಕರಗುತ್ತದೆ.

ಇನ್ನೊಂದು ಕಾಟ ಅಂಟಿಕೊಳ್ಳುವಿಕೆ. ಕ್ಯಾಮರಾವನ್ನು ಒಂದೇ ಸ್ಥಿರ ದೃಶ್ಯದ ಮೇಲೆ ಬಹಳ ಹೊತ್ತು ಇಟ್ಟರೆ ಆ ಚಿತ್ರದ ನೆರಳು ಟ್ಯೂಬಿನಲ್ಲಿ ಉಳಿದು ಮುಂದಿನ ಶಾಟಿನ ಮೇಲೆ ಭೂತದಂತೆ ತೇಲುತ್ತದೆ. ಶೀರ್ಷಿಕೆ ಫಲಕದ ಮೇಲೆ ಕಾಯುತ್ತ ನಿಂತ ಕ್ಯಾಮರಾದಲ್ಲಿ ಇದು ಹೆಚ್ಚು. ಅದಕ್ಕೆ ಕ್ಯಾಮರಾದವರು ಬಿಡುವಿದ್ದಾಗ ಲೆನ್ಸಿಗೆ ಮುಚ್ಚಳ ಹಾಕುತ್ತಿದ್ದರು ಅಥವಾ ಕ್ಯಾಮರಾವನ್ನು ಅತ್ತಿತ್ತ ಆಡಿಸುತ್ತಿದ್ದರು. ಅಂಟಿಯೇ ಬಿಟ್ಟರೆ ಸಮನಾಗಿ ಬೆಳಗಿದ ಬಿಳಿ ಮೇಲ್ಮೈಯತ್ತ ಫೋಕಸ್ ಕೆಡಿಸಿ ಸ್ವಲ್ಪ ಹೊತ್ತು ತಿರುಗಿಸಿಡಬೇಕು. ಟ್ಯೂಬು ತಣ್ಣಗಿದ್ದಾಗ ಈ ಪೀಡೆ ಜಾಸ್ತಿ, ಹಾಗಾಗಿ ತಾಲೀಮಿಗೆ ಬಹಳ ಮೊದಲೇ ಕ್ಯಾಮರಾ ಹಚ್ಚಿ ಬೆಚ್ಚಗಾಗಲು ಬಿಡುತ್ತಿದ್ದರು.

ಮನುಷ್ಯರಿಗೆ ಬೆಚ್ಚಗಾಗುವ ತೊಂದರೆಯೇ ಇರಲಿಲ್ಲ. ಎರಡು ಕಿಲೋವ್ಯಾಟಿನ ಮೂವತ್ತು ದೀಪ ಹಚ್ಚಿದರೆ ಅರವತ್ತು ಕಿಲೋವ್ಯಾಟ್, ಬಹುಪಾಲು ಶಾಖವೇ. ಗಾಳಿ ಯಂತ್ರ ಜೋರು ಮಾಡಿದರೆ ಮೈಕಿಗೆ ಸದ್ದು. ಪ್ಯಾನ್‌ಕೇಕ್ ಮೇಕಪ್ ಬೆವರಿಗೆ ಒಡೆಯುತ್ತದೆ, ಗಡ್ಡ ಬೋಳಿಸಿದ ಗದ್ದ ಮತ್ತೆ ಕಪ್ಪಾಗಿ ಕಾಣತೊಡಗುತ್ತದೆ, ಅದಕ್ಕೇ ಪ್ರತಿ ಸೆಟ್ಟಿನ ಹಿಂದೆ ಪೌಡರ್ ಪಫ್ ಹಿಡಿದ ಒಬ್ಬರು. ದೀಪ ಮತ್ತು ಬೂಮಿನ ಜಗಳವಂತೂ ಹಳೆಯದು. ಬೂಮಿನ ತೋಳು ಐದು ಮೀಟರಿನವರೆಗೆ ಚಾಚುತ್ತದೆ, ಮೈಕು ನಟನ ತಲೆಯ ಮುಂದೆ ಮೇಲ್ಗಡೆ ಒಂದು ಮೀಟರಿನಷ್ಟು ದೂರ ತೂಗಬೇಕು. ಮುಖ್ಯ ದೀಪವೂ ಬೂಮೂ ಒಂದೇ ಕಡೆಯಿಂದ ಬಂದರೆ ಮೈಕಿನ ನೆರಳು ನೇರ ಹಿಂಗೋಡೆಗೆ. ದೀಪ ಒಂದು ಬದಿ, ಬೂಮು ಇನ್ನೊಂದು ಬದಿ ಎಂದು ಮೊದಲೇ ಹಂಚಿಕೊಂಡರೆ ನೆರಳು ಚೌಕಟ್ಟಿನ ಹೊರಗೆ ಬೀಳುತ್ತದೆ. ನಟ ಗುರುತಿನಿಂದ ಎರಡು ಹೆಜ್ಜೆ ಸರಿದರೆ ಈ ಒಪ್ಪಂದ ಮುರಿಯುತ್ತದೆ.

ಪ್ರಸಾರ ಮುಗಿದ ಮೇಲೆ ಉಳಿದದ್ದೇನು? ಸಿಡ್ನಿಗೂ ಮೆಲ್ಬರ್ನಿಗೂ ಟಿವಿ ಹೊರುವ ಕೇಬಲ್ ಬಂದದ್ದು 1962ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಸಿಡ್ನಿಯ ನೇರ ನಾಟಕ ಮೆಲ್ಬರ್ನಿನವರಿಗೆ ಸಿಗುತ್ತಿದ್ದದ್ದು ಮಾನಿಟರಿನ ಎದುರು ಫಿಲ್ಮ್ ಕ್ಯಾಮರಾ ಇಟ್ಟು ಹಿಡಿದ ಕೈನೆಸ್ಕೋಪ್ ಪ್ರತಿಯಿಂದ. ಒಂದು ಗಂಟೆಗೆ 16 ಮಿಲಿಮೀಟರಿನ 2,250 ಅಡಿ. ಟಿವಿ ಪ್ರತಿ ಚಿತ್ರವನ್ನೂ ಒಂದು ಬಿಟ್ಟು ಒಂದು ಗೆರೆಯಂತೆ ಎರಡು ಅರೆಚಿತ್ರಗಳಾಗಿ ಬರೆಯುತ್ತದೆ. ಒಂದು ಅರೆಚಿತ್ರ ಮುಗಿದು ಇನ್ನೊಂದು ಶುರುವಾಗುವ ನಡುವೆ ಇರುವ ಬಿಡುವು 1.6 ಮಿಲಿಸೆಕೆಂಡು ಮಾತ್ರ, ಅಷ್ಟರಲ್ಲಿ ಫಿಲ್ಮನ್ನು ಮುಂದಿನ ಚೌಕಕ್ಕೆ ಎಳೆಯುವುದು ಕಷ್ಟ. ಸುಲಭದ ದಾರಿಯೆಂದರೆ ಒಂದು ಅರೆಚಿತ್ರವನ್ನು ಹಿಡಿದು, ಇನ್ನೊಂದು ಬರುವಾಗ ಫಿಲ್ಮ್ ಎಳೆದುಕೊಳ್ಳುವುದು. ಅರ್ಧ ಗೆರೆಗಳೇ ಮಾಯ. ನೀವು ನೋಡಿದ ತುಣುಕು ಮಸುಕಾಗಿದ್ದರೆ ಕಾರಣ ಇದು, ಆ ರಾತ್ರಿ ಮನೆಗಳಲ್ಲಿ ಕಂಡ ಚಿತ್ರ ಇದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ವಿಡಿಯೋ ಟೇಪು ಬಂದ ಮೇಲೆ ಎಲ್ಲ ಸುಲಭವಾಯಿತೆಂದು ತಿಳಿಯಬೇಡಿ. ಎರಡು ಇಂಚು ಅಗಲದ ಟೇಪು, ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್ ಓಟ, ಟೇಪಿನ ಮೇಲೆ ಚಿತ್ರ ಬರೆಯುವ ನಾಲ್ಕು ಹೆಡ್ಡಿನ ಚಕ್ರ ನಿಮಿಷಕ್ಕೆ 15,000 ಸುತ್ತು. ಅದನ್ನು ಕತ್ತರಿಸಲು ಮೊದಲು ಕಬ್ಬಿಣದ ನುಣುಪು ಪುಡಿಯ ದ್ರವ ಸವರಿ ಹೆಡ್ಡುಗಳು ಬರೆದ ಕಾಣದ ಪಟ್ಟಿಗಳನ್ನು ಕಾಣುವಂತೆ ಮಾಡಬೇಕು, ಸೂಕ್ಷ್ಮದರ್ಶಕದಲ್ಲಿ ಎರಡು ಪಟ್ಟಿಗಳ ಸಂದು ಹುಡುಕಿ ಬ್ಲೇಡಿನಿಂದ ಕೊಯ್ದು ತೆಳು ಲೋಹದ ಪಟ್ಟಿಯಿಂದ ಅಂಟಿಸಬೇಕು. ಕೂದಲೆಳೆ ತಪ್ಪಿದರೆ ಚಿತ್ರ ಉರುಳುತ್ತದೆ. ಸಾಲದ್ದಕ್ಕೆ ಧ್ವನಿಯು ಚಿತ್ರದಿಂದ ಸುಮಾರು 23 ಸೆಂಟಿಮೀಟರ್ ಆಚೆ ದಾಖಲಾಗಿರುತ್ತದೆ, ಅಂದರೆ ಅರ್ಧ ಸೆಕೆಂಡಿಗಿಂತ ಹೆಚ್ಚು ಅಂತರ. ಕೊಯ್ದ ಟೇಪನ್ನು ಮತ್ತೆ ಬಳಸುವುದು ಕಷ್ಟ, ಟೇಪು ವಿಪರೀತ ದುಬಾರಿ. ಹಾಗಾಗಿ ಟೇಪಿನ ನಾಟಕವನ್ನೂ ನೇರ ನಾಟಕದಂತೆ ಅಂಕಕ್ಕೊಂದೇ ಉಸಿರಿನಲ್ಲಿ ಆಡಿಸಿ, ಸಾಮಾನ್ಯವಾಗಿ ಜಾಹೀರಾತಿನ ಜಾಗದಲ್ಲಿ ಮಾತ್ರ ನಿಲ್ಲಿಸುತ್ತಿದ್ದರು. ಸಣ್ಣ ತೊದಲುಗಳು ಹಾಗೇ ಉಳಿದದ್ದು ಇದಕ್ಕೇ. ಪ್ರಸಾರವಾದ ಟೇಪನ್ನು ಅಳಿಸಿ ಮರುಬಳಸಿದ್ದರಿಂದ ಎಷ್ಟೋ ಕೆಲಸ ಕಳೆದೇ ಹೋಯಿತು. 1967ರಿಂದ ಹತ್ತು ವರ್ಷ, ಹೆಚ್ಚಿನ ಕಾಲ ವಾರಕ್ಕೆ ನಾಲ್ಕು ದಿನ ಹದಿನೈದು ನಿಮಿಷದಂತೆ, ನಡೆದ ಎಬಿಸಿಯ 'ಬೆಲ್‌ಬರ್ಡ್' ಧಾರಾವಾಹಿಯ ಬಹುಪಾಲು ಕಂತುಗಳು ಇಂದು ಇಲ್ಲ.

ದುಡ್ಡಿನ ಒತ್ತಡವೂ ಸಣ್ಣದಲ್ಲ. ಅಮೆರಿಕದ ಸಿದ್ಧ ಧಾರಾವಾಹಿಯನ್ನು ಬಾಡಿಗೆಗೆ ತರುವುದು ಸ್ವಂತ ನಾಟಕಕ್ಕಿಂತ ಎಷ್ಟೋ ಅಗ್ಗ. ಆಸ್ಟ್ರೇಲಿಯಾದ ಟಿವಿ ಕಾರ್ಯಕ್ರಮಗಳ ಸ್ಥಿತಿ ಪರಿಶೀಲಿಸಿದ ಸಂಸತ್ತಿನ ಸಮಿತಿ, ಸೆನೆಟರ್ ವಿನ್ಸೆಂಟ್ ಸಮಿತಿಯ 1963ರ ವರದಿಯ ಪ್ರಕಾರ ಅಲ್ಲಿಯವರೆಗೆ ತೋರಿಸಿದ ನಾಟಕಗಳಲ್ಲಿ ಶೇ. 97 ಅಮೆರಿಕದಿಂದ ಬಂದವು. ಇದರ ನಡುವೆ ಮೆಲ್ಬರ್ನಿನ ಕ್ರಾಫರ್ಡ್ ಸಂಸ್ಥೆ ಹಿಡಿದ ದಾರಿ ಜಾಣತನದ್ದು. ರೇಡಿಯೋದಿಂದ ಬಂದ ಆ ಸಂಸ್ಥೆ ಮೊದಲು 1961ರಲ್ಲಿ 'ಕನ್ಸಿಡರ್ ಯುವರ್ ವರ್ಡಿಕ್ಟ್' ಎಂಬ ನ್ಯಾಯಾಲಯದ ಮಾಲೆ ಮಾಡಿತು. ನ್ಯಾಯಾಲಯವೆಂದರೆ ಒಂದೇ ಸೆಟ್ಟು, ಎಲ್ಲರೂ ನಿಂತಲ್ಲೇ ನಿಂತು ಮಾತಾಡುವವರು, ಕೇಬಲ್ ದಾಟುವ ಪ್ರಶ್ನೆಯೇ ಇಲ್ಲ. 1964ರ ಅಕ್ಟೋಬರ್ 20ರಂದು ಮೆಲ್ಬರ್ನಿನ ಎಚ್‌ಎಸ್‌ವಿ-7 ವಾಹಿನಿಯಲ್ಲಿ ಶುರುವಾದ ಅವರ 'ಹೋಮಿಸೈಡ್' ಪೊಲೀಸ್ ಮಾಲೆಯಲ್ಲಿ ಒಳಾಂಗಣವನ್ನು ಸ್ಟುಡಿಯೋ ಟೇಪಿನಲ್ಲಿ, ಬೀದಿಯ ಬೆನ್ನಟ್ಟುವಿಕೆಯನ್ನು 16 ಮಿಲಿಮೀಟರ್ ಫಿಲ್ಮಿನಲ್ಲಿ ಮಾಡಿ ಬೆಸೆದರು. ನೇರ ನಾಟಕದ ಫಿಲ್ಮ್ ತುಣುಕೇ ಬೆಳೆದು ಅರ್ಧ ಕಥೆಯಾಯಿತು ಎನ್ನಬಹುದು.

ಇನ್ನು ನೋಡಿ ಗುರುತಿಸುವ ಮಾತು. ಇಡೀ ತುಣುಕಿನಲ್ಲಿ, ಒಳಗೂ ಹೊರಗೂ, ಫಿಲ್ಮಿನ ಗೀರು ಮತ್ತು ಧೂಳು ಸಮನಾಗಿದ್ದು, ಚಿತ್ರದ ಅಂಚು ಸ್ವಲ್ಪ ಉಬ್ಬಿ, ಹೊಳಪಿನ ಸುತ್ತ ಕಪ್ಪು ವಲಯವಿದ್ದರೆ ಅದು ಕೈನೆಸ್ಕೋಪ್. ಆದರೆ ಕೈನೆಸ್ಕೋಪ್ ಎಂದರೆ ನೇರ ಎಂದೇ ಅಲ್ಲ. ಟೇಪಿನ ಕಾರ್ಯಕ್ರಮವನ್ನೂ ಬೇರೆಡೆಗೆ ಕಳಿಸಲು ಫಿಲ್ಮಿಗೆ ಇಳಿಸುತ್ತಿದ್ದರು. ಕಪ್ಪು ವಲಯವಿಲ್ಲ, ಫಿಲ್ಮಿನ ಕಾಳು ಕಾಣುತ್ತದೆ, ಶಾಟಿನಿಂದ ಶಾಟಿಗೆ ಬೆಳಕು ಬದಲಾಗುತ್ತದೆ ಎಂದರೆ ಅದು ಒಂದೇ ಕ್ಯಾಮರಾದಲ್ಲಿ ತೆಗೆದ ಫಿಲ್ಮ್. ಅಡ್ಡಡ್ಡಲಾಗಿ ಸಮ ಅಗಲದ, ಹದಿನಾರು ಗೆರೆಗಳಷ್ಟು ದಪ್ಪದ ಮಸುಕು ಪಟ್ಟಿಗಳು, ಮಿಂಚಿ ಮರೆಯಾಗುವ ಚಿಕ್ಕ ಅಡ್ಡಗೀರುಗಳು ಕಂಡರೆ ಎರಡಿಂಚಿನ ಟೇಪು. ಆ ಪಟ್ಟಿಗಳು ಚಕ್ರದ ನಾಲ್ಕು ಹೆಡ್ಡುಗಳು ಒಂದಕ್ಕೊಂದು ಪೂರ್ತಿ ಹೊಂದದೆ ಬಿಟ್ಟ ಗುರುತು.

ಟೇಪಿನ ಚಲನೆ ಸೆಕೆಂಡಿಗೆ 50 ಅರೆಚಿತ್ರದ್ದು, ಹಾಗಾಗಿ ನೀರು ಹರಿದಂತೆ ನುಣುಪು. ಫಿಲ್ಮಿನದು 25ರದು, ಸ್ವಲ್ಪ ಕತ್ತರಿಸಿದಂತೆ. 'ಹೋಮಿಸೈಡ್'ನಲ್ಲಿ ಬಾಗಿಲು ದಾಟಿ ಬೀದಿಗೆ ಬಂದೊಡನೆ ಏನೋ ಬದಲಾಯಿತು ಅನ್ನಿಸುವುದು ಇದರಿಂದಲೇ. ಆದರೆ ಅಂತರ್ಜಾಲಕ್ಕೆ ಏರಿಸುವಾಗ ಬಹಳ ಜನ 50 ಅರೆಚಿತ್ರಗಳನ್ನು 25 ಚಿತ್ರವಾಗಿ ಕೂಡಿಸಿಬಿಡುತ್ತಾರೆ, ಆಗ ಟೇಪೂ ಫಿಲ್ಮಿನಂತೆಯೇ ಓಡುತ್ತದೆ. ಅಂಥಲ್ಲಿ ಚಲನೆಯನ್ನು ನಂಬದೆ ಪಟ್ಟಿ, ವಲಯಗಳನ್ನೇ ಹುಡುಕಿ. ಅದೂ ಸ್ಪಷ್ಟವಾಗದಿದ್ದರೆ ನಟರ ಬಟ್ಟೆ ನೋಡಿ. ಒಂದು ದೃಶ್ಯದ ಕೊನೆಯ ಶಾಟಿನಲ್ಲಿ ಇದ್ದ ನಟ ಮುಂದಿನ ದೃಶ್ಯದ ಮೊದಲ ಶಾಟಿನಲ್ಲೇ ಬೇರೆ ಉಡುಪಿನಲ್ಲಿ ಸ್ಟುಡಿಯೋ ಸೆಟ್ಟಿನೊಳಗೆ ನಿಂತಿದ್ದು, ನಡುವೆ ಲೇಖನಿಯೂ ಇಲ್ಲ, ಗಡಿಯಾರವೂ ಇಲ್ಲ, ಜಾಹೀರಾತಿನ ಜಾಗವೂ ಇಲ್ಲವೆಂದರೆ, ಅಲ್ಲಿ ಟೇಪು ನಿಲ್ಲಿಸಿದ್ದಾರೆ.